ಅಕ್ಕ ಜಾರುತ್ತಿದ್ದದ್ದು ಆರರ ಆಚೆಗೆ

ಬಾಯಾರಿದಾಗ ಬಾವಿ ತೋಡಬಾರದು ಎಂಬ ಮಾತನ್ನು ನಾನು ಎಂದೂ ಪೂರ್ತಿ ಒಪ್ಪಿದವಳಲ್ಲ. ಬಾಯಾರುವ ಮೊದಲೇ ಬಾವಿ ತೋಡಿ, ಕೆಳಗೆ ಬರೀ ಬಂಡೆ ಕಂಡು ಗುದ್ದಲಿ ಹೆಗಲಿಗೇರಿಸಿ ಮನೆಗೆ ಬಂದವರು ನಮ್ಮ ಸೀಮೆಯಲ್ಲಿ ಊರೂರಿಗೂ ಸಿಗುತ್ತಾರೆ. ಅವರ ಮೇಲೆ ಯಾರೂ ಗಾದೆ ಕಟ್ಟಲಿಲ್ಲ. ಗೆದ್ದವನನ್ನು ಕೂರಿಸಿಕೊಂಡು ಹೇಗೆ ಗೆದ್ದೆಯಪ್ಪಾ ಅಂತ ಕೇಳಿದರೆ, ಮೊದಲಿಂದ ತಯಾರಾಗಿದ್ದೆ ಅನ್ನುತ್ತಾನೆ. ಸೋತವನೂ ಅಷ್ಟೇ ತಯಾರಾಗಿದ್ದನೋ ಏನೋ, ಅವನನ್ನು ಕೇಳುವವರು ಯಾರು? ಹೈಸ್ಕೂಲಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಈ ವಾದ ಹೂಡಿ ಒಮ್ಮೆ ಸಿರಾದಲ್ಲಿ, ಇನ್ನೊಮ್ಮೆ ಕೊರಟಗೆರೆಯಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಸಿರಾದಲ್ಲಂತೂ ವಿಷಯದ ಚೀಟಿ ಎತ್ತಿದ್ದು ವೇದಿಕೆಯ ಮೆಟ್ಟಿಲ ಮೇಲೆ. ಒಂದಕ್ಷರ ಸಿದ್ಧತೆ ಇಲ್ಲದೆ ಗೆದ್ದೆ. ಆ ಗೆಲುವು ತಲೆಗೆ ಏರಿತ್ತು, ಅದನ್ನು ಇಳಿಸಿಕೊಳ್ಳಬೇಕೆಂದು ನನಗೆ ಅನ್ನಿಸಿಯೂ ಇರಲಿಲ್ಲ.

ಆದರೆ ಅಕ್ಕನ ವಿಷಯ ಬಂದಾಗ ಈ ವಾದದ ಒಂದು ಕಾಲು ಕುಂಟುತ್ತದೆ. ಎದುರು ಪಕ್ಷದ ಸಾಕ್ಷಿಯನ್ನು ನಾನೇ ಕರೆದು ನಿಲ್ಲಿಸುತ್ತಿದ್ದೇನೆ ಅಂದುಕೊಳ್ಳಿ. ತೀರ್ಪು ಓದಿದವರದು.

ನಮ್ಮ ಊರು ಮಿಡಿಗೇಶಿ ದಾಟಿ ಪಾವಗಡದ ದಿಕ್ಕಿಗೆ. ಅಲ್ಲಿ ಜನರ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ಆಡುವವರಿಗೂ ತಿಳಿಯದು. ನಮ್ಮ ಮನೆಯದಂತೂ ಇನ್ನೂ ವಿಚಿತ್ರ. ಮಾತು ಕನ್ನಡ, ಲೆಕ್ಕ ತೆಲುಗು. ಅಪ್ಪ "ಕುರಿ ಎಲ್ಲಾ ಬಂದ್ವಾ ನೋಡು" ಅಂತ ಕನ್ನಡದಲ್ಲಿ ಹೇಳಿ, ಒಕಟಿ, ರೆಂಡು, ಮೂಡು ಅಂತ ಎಣಿಸುತ್ತಿದ್ದರು. ಕಡಲೆಕಾಯಿ ಮೂಟೆಯ ಲೆಕ್ಕ, ಹಬ್ಬಕ್ಕೆ ಇನ್ನು ಎಷ್ಟು ದಿನ ಅನ್ನುವ ಲೆಕ್ಕ, ಎಲ್ಲವೂ ಹಾಗೆಯೇ. ಊರ ಶಾಲೆಯಲ್ಲಿ ಮಗ್ಗಿ ಬಾಯಿಪಾಠ ಮಾಡಿಸಿದ ಐನೋರೂ ಗಡಿಯಾಚೆಯ ತೆಲುಗಿನವರೇ. ನಾನು ಚಿಕ್ಕಂದಿನಲ್ಲೇ ಮಧುಗಿರಿಯ ಚಿಕ್ಕಮ್ಮನ ಮನೆಗೆ ಓದಲು ಹೋದದ್ದರಿಂದ ನನ್ನ ನಾಲಿಗೆ ಕನ್ನಡದ ಲೆಕ್ಕಕ್ಕೆ ಹೊರಳಿತು. ಅಕ್ಕ ಊರಲ್ಲೇ ಉಳಿದಳು.

ಅಕ್ಕನಿಗೆ ಮೇಷ್ಟ್ರಮ್ಮ ಆಗಬೇಕೆಂಬ ಆಸೆ. ಆಸೆ ಅನ್ನುವುದಕ್ಕಿಂತ ಹಟ ಅನ್ನಬೇಕು. ಮಧುಗಿರಿಯ ತರಬೇತಿ ಶಾಲೆಗೆ ಹೆಣ್ಣುಮಕ್ಕಳನ್ನು ಆರಿಸಿಕೊಳ್ಳುತ್ತಾರೆಂದು ಕೇಳಿ ಹೋದ ವರ್ಷ ಹೋಗಿದ್ದಳು. ಪಾಠ ಓದಿದ್ದು, ಬರೆದದ್ದು ಎಲ್ಲಾ ಸರಿಯಾಯಿತು. ಕೊನೆಗೆ ಬಾಯಿಲೆಕ್ಕ. ಎಂಟು ಒಂಬತ್ತಲ ಎಷ್ಟು ಅಂತ ಕೇಳಿದಾಗ ಅಕ್ಕ ಕಣ್ಣು ಮುಚ್ಚಿ, "ಎನಿಮಿದಿ ತೊಮ್ಮಿದುಲು ಡೆಬ್ಬೈ ರೆಂಡು" ಅಂದುಬಿಟ್ಟಳು. ಕೇಳಿದ ಅಧಿಕಾರಿ ನಕ್ಕು, "ಉತ್ತರ ಸರಿಯಾಗಿದೆ ತಾಯಿ, ಶಾಲೆಯನ್ನು ಮಾತ್ರ ಗಡಿಯಾಚೆ ಹುಡುಕಿಕೊ" ಅಂದರಂತೆ. ಈ ವರ್ಷ ಆಗದಿದ್ದರೆ ಅವಳ ವಯಸ್ಸು ಮೀರುತ್ತಿತ್ತು. ಮುಂದಿನ ವರ್ಷ ಬಾಗಿಲ ಹತ್ತಿರವೂ ಬಿಡುತ್ತಿರಲಿಲ್ಲ. ಇರುವುದು ಒಂದೇ ಅವಕಾಶ.

ನಾನು ಬೇಸಿಗೆ ರಜೆಗೆ ಬಂದು ಬಸ್ಸಿಳಿದು ಕೈಕಾಲು ತೊಳೆಯುವ ಮೊದಲೇ ಅಕ್ಕ ಹಿಡಿದುಕೊಂಡಳು.

"ಲೇ, ನೀನು ಸ್ಟೇಜ್ ಮೇಲೆ ಜನಾನ ಬಾಯಿ ಮುಚ್ಚುಸ್ತೀಯಂತಲ್ಲ. ನಂಗೆ ಬಾಯಿ ಬುಡೋದು ಹೇಳ್ಕೊಡು."

ನಾನು ನನ್ನ ವಾದ ಶುರು ಮಾಡಿದೆ. ಅವರು ಕೇಳುವುದು ಯಾವ ಪ್ರಶ್ನೆ ಅಂತ ಗೊತ್ತಿಲ್ಲ. ಗೊತ್ತಿಲ್ಲದ ಪ್ರಶ್ನೆಗೆ ತಯಾರಾಗುವುದು ಅಂದರೆ ಕತ್ತಲಲ್ಲಿ ಕಲ್ಲು ಹೊಡೆದಂತೆ. ಎಲ್ಲಾ ಕಲಿತು ಹೋದರೂ ಕಲಿಯದ ಒಂದನ್ನೇ ಕೇಳಬಹುದು. ಹಾಗಾಗಿ ಆರಾಮಾಗಿರು, ಆ ಹೊತ್ತಿಗೆ ಬುದ್ಧಿಗೆ ಏನು ಹೊಳೆಯುತ್ತೋ ಅದನ್ನು ಹೇಳು. ಅಕ್ಕ ಮೊರದಲ್ಲಿ ರಾಗಿ ಕೇರುತ್ತಾ ಪೂರ್ತಿ ಕೇಳಿಸಿಕೊಂಡಳು.

"ನೀನು ಹೇಳೋದು ಸರಿ ಇರ್ಬೋದು ಕಣೇ. ಆದ್ರೆ ನಾಳೆ ಬೆಳಿಗ್ಗೆ ನಾನು ಏನು ಮಾಡ್ಬೇಕು ಅಂತ ನಿನ್ ಭಾಷಣದಾಗೆ ಬರ್ಲೇ ಇಲ್ವಲ್ಲ."

ಸಿರಾದ ತೀರ್ಪುಗಾರರು ಇಂಥ ಪ್ರಶ್ನೆ ಕೇಳಿರಲಿಲ್ಲ.

ಮರುದಿನ ಮನೆಯಲ್ಲಿ ನನ್ನದೊಂದು ಕಾನೂನು ಜಾರಿಯಾಯಿತು. ಅಕ್ಕನ ಆಯ್ಕೆ ಮುಗಿಯುವವರೆಗೆ ಈ ಹೊಸ್ತಿಲೊಳಗೆ ಯಾರೂ ತೆಲುಗಿನಲ್ಲಿ ಎಣಿಸಕೂಡದು. ಎಣಿಸಿದವರು ಕೊಟ್ಟಿಗೆ ಗುಡಿಸಬೇಕು. ಅಕ್ಕನ ಕಿವಿಗೆ ಬೀಳದಿದ್ದರೆ ಅವಳ ಬಾಯಿಗೂ ಬರುವುದಿಲ್ಲ ಅನ್ನುವುದು ನನ್ನ ತರ್ಕ. ಅಪ್ಪ ಗಂಭೀರವಾಗಿ ತಲೆಯಾಡಿಸಿ ಒಪ್ಪಿದರು. ಒಪ್ಪಿ ಅಂಗಳಕ್ಕಿಳಿದು ಮರಿಗಳನ್ನು ಒಳಗೆ ಬಿಡುತ್ತಾ "ಒಕಟಿ, ರೆಂಡು..." ಅಂದರು. ನಾನು ಪೊರಕೆ ಹಿಡಿದು ಎದುರು ನಿಂತಿದ್ದೆ.

"ಮರಿಗಳಿಗೆ ಕನ್ನಡ ಬರಲ್ಲ ಕಣಮ್ಮ," ಅಂದರು ಅಪ್ಪ.

"ಮರಿಗಳಿಗೆ ಪರೀಕ್ಷೆ ಇಲ್ಲ ಅಪ್ಪಾ. ಗುಡಿಸಿ."

ಆ ಬೇಸಿಗೆಯಷ್ಟು ಚೊಕ್ಕಟವಾದ ಕೊಟ್ಟಿಗೆ ನಮ್ಮ ಊರಲ್ಲಿ ಹಿಂದೆಂದೂ ಇರಲಿಲ್ಲ. ಬಹುಪಾಲು ಅಪ್ಪನೇ ಗುಡಿಸಿದರು. ಅಮ್ಮ ಜಾಣೆ, ರೊಟ್ಟಿ ಎಷ್ಟು ಅಂತ ಯಾರಾದರೂ ಕೇಳಿದರೆ "ಸಾಕಾಗೋಷ್ಟೈತೆ" ಅಂದು ತಪ್ಪಿಸಿಕೊಳ್ಳುತ್ತಿದ್ದಳು. ಅಜ್ಜಿ ಮಾತ್ರ ಕಾನೂನಿಗೇ ಬಗ್ಗಲಿಲ್ಲ.

"ಹುಟ್ಟಿದಾಗ್ಲಿಂದ ತೆಲುಗುನಾಗೆ ಎಣ್ಸಿದೀನಿ, ಒಂದು ಕುರಿನೂ ತಪ್ಪಿಲ್ಲ. ಕನ್ನಡದಾಗೆ ಎಣ್ಸಿದ್ರೆ ಕುರಿ ಜಾಸ್ತಿ ಆಗ್ತದೇನೇ?"

"ಕುರಿ ಜಾಸ್ತಿ ಆಗಲ್ಲ ಅಜ್ಜಿ, ಅಕ್ಕಂಗೆ ಕೆಲ್ಸ ಆಗ್ತದೆ."

"ಅಂಗಾದ್ರೆ ನಾನು ಎಣ್ಸೋದೇ ಇಲ್ಲ. ಬಾಯಿಗೆ ಬೀಗ," ಅಂದು ಎಲೆಯಡಿಕೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಎಲೆ ಎಷ್ಟು ಉಳಿದಿವೆ ಅಂತ ಮೆಲ್ಲಗೆ ತೆಲುಗಿನಲ್ಲಿ ಗೊಣಗುತ್ತಿದ್ದದ್ದು ಕೇಳಿಸಿತು.

ಇಷ್ಟೆಲ್ಲಾ ಆದರೂ ಅಕ್ಕ ತಪ್ಪುವುದು ನಿಲ್ಲಲಿಲ್ಲ. ನಾನು ಅಧಿಕಾರಿಯ ಹಾಗೆ ಕಾಲ ಮೇಲೆ ಕಾಲು ಹಾಕಿ ಕುಳಿತು ಪ್ರಶ್ನೆ ಎಸೆಯುತ್ತಿದ್ದೆ. ನಿಧಾನವಾಗಿ ಕೇಳಿದರೆ ಕನ್ನಡದಲ್ಲಿ ಹೇಳುತ್ತಿದ್ದಳು. ಗದರಿಸಿ ಕೇಳಿದರೆ ತೆಲುಗು ಉರುಳುತ್ತಿತ್ತು. ಒಂದು ದಿನ ಅತ್ತೇಬಿಟ್ಟಳು. ಅವಳು ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಸಿರಾದ ಬಳೆ ಸಾಹೇಬರು ಜಗಲಿಗೆ ಬಂದರು. ಗಂಟು ಬಿಚ್ಚುವ ಮೊದಲೇ ನಮ್ಮ ಮನೆಯ ಕಥೆ ಅವರಿಗೆ ಬೀದಿಯಲ್ಲೇ ತಲುಪಿತ್ತು.

"ಅಳೋದ್ಯಾಕೆ ಬೇಟಿ? ನನ್ನ ನೋಡು. ಉರ್ದುನಾಗೆ ಎಣಿಸ್ತೀನಿ, ಕನ್ನಡದಾಗೆ ಮಾರ್ತೀನಿ, ನಿಮ್ಮ ಅಜ್ಜಿ ಕೈಲಿ ತೆಲುಗುನಾಗೆ ಬೈಸ್ಕೊಂತೀನಿ. ಯಾಪಾರ ನಡೀತಾ ಇಲ್ವಾ?"

"ನಿಮ್ಗೆ ಪರೀಕ್ಷೆ ಇಲ್ವಲ್ಲ ಸಾಹೇಬ್ರೇ," ಅಂದಳು ಅಕ್ಕ.

"ಅಯ್ಯೋ, ನಿಮ್ಮ ಅಮ್ಮನ ಕೈಗೆ ಬಳೆ ಏರಿಸೋದ್ಕಿಂತ ಪರೀಕ್ಷೆನಾ! ಕೇಳು, ಹೊಸದಾಗಿ ಕಲ್ತಾಗ ಬಳೆ ಒಡೀತಿತ್ತು. ನಮ್ಮ ಅಬ್ಬಾ ಹೇಳಿದ್ರು: ಒಡೆದಿದ್ದು ಎಲ್ಲಿ ಅಂತ ನೋಡು ಮಗಾ, ಯಾಕೆ ಒಡೀತು ಅಂತ ಅಳ್ಬೇಡ. ನೋಡಿದ್ರೆ ಎಲ್ಲಾ ಹೆಬ್ಬೆರಳ ಬುಡದಾಗೇ ಒಡೀತಾ ಇದ್ವು. ಆಮೇಲೆ ಅಲ್ಲಿ ಮಾತ್ರ ಹುಷಾರು."

ಸಾಹೇಬರು ಅದನ್ನು ಬುದ್ಧಿವಾದ ಅಂತ ಹೇಳಿರಲಿಲ್ಲ. ಅಮ್ಮನ ಕೈ ನೀವುತ್ತಾ, ಅವಳ ಗಮನ ಬೇರೆಡೆ ಸೆಳೆಯಲು ಆಡಿದ ಮಾತು. ಆದರೆ ಅಕ್ಕ ಅಳು ನಿಲ್ಲಿಸಿದ್ದಳು.

ಅಂದಿನಿಂದ ಅವಳು ನನ್ನ ಪ್ರಶ್ನೆಗಳನ್ನು ಬಿಟ್ಟು ತನ್ನ ತಪ್ಪುಗಳ ಹಿಂದೆ ಬಿದ್ದಳು. ಬಾವಿಯಲ್ಲಿ ನೀರು ಸೇದುವಾಗ ಎಣಿಸುವಳು, ಒನಕೆ ಎತ್ತುವಾಗ ಎಣಿಸುವಳು, ನನ್ನ ಜಡೆ ಹೆಣೆಯುವಾಗ ನನ್ನ ತಲೆಯ ಮೇಲೆ ಎಣಿಸುವಳು. ಒಂದು ಬೆಳಿಗ್ಗೆ ಜಡೆಯನ್ನು ಅರ್ಧಕ್ಕೇ ಬಿಟ್ಟು ಕೂಗಿದಳು.

"ಸಿಕ್ತು ಕಣೇ! ಆರು! ಆರು ಆದ್ಮೇಲೆ!"

"ಏನು ಆರು?"

"ಒಂದು, ಎರಡು, ಮೂರು, ನಾಲ್ಕು ಅಂತ ಕನ್ನಡದಾಗೇ ಹೊಂಟಿರ್ತೀನಿ. ಐದು, ಆರು ಬಂದ ತಕ್ಷಣ ನಂಗೇ ಗೊತ್ತಿಲ್ದಂಗೆ ಏಡು, ಎನಿಮಿದಿ ಅಂತ ಆ ಕಡೀಕೆ ಹೋಗ್ಬುಡ್ತೀನಿ. ಯಾಕೆ ಹೇಳು?"

ಅವಳೇ ಹೇಳಿದಳು. ಐದು ಮತ್ತು ಆರು ಎರಡು ಭಾಷೆಯಲ್ಲೂ ಒಂದೇ. ಅಲ್ಲಿ ಎರಡು ದಾರಿ ಕೂಡುತ್ತವೆ. ಕೂಡಿದ ದಾರಿಯಲ್ಲಿ ಎತ್ತು ತನಗೆ ರೂಢಿಯಿದ್ದ ಮನೆಯ ಕಡೆಗೇ ತಿರುಗುತ್ತದೆ. ಎಂಟೊಂಬತ್ತರ ಮಗ್ಗಿಯಲ್ಲಿ ಅವಳು ಎಡವಿದ್ದೂ ಅದಕ್ಕೇ. ಐದರ ಮಗ್ಗಿ, ಆರರ ಮಗ್ಗಿ ದಾಟಿದ ಮೇಲೆ ಅವಳ ನಾಲಿಗೆಗೆ ಎಲ್ಲವೂ ತೆಲುಗೇ.

ನಾನು ತರ್ಕ ಕಲಿತವಳು. ಬೇಸಿಗೆಯೆಲ್ಲಾ ಎದುರು ಕುಳಿತು ಕೇಳಿಸಿಕೊಂಡರೂ ನನಗೆ ಇದು ಕಂಡಿರಲಿಲ್ಲ. ಕಾಣಬೇಕಾದರೆ ಜಾರುವವಳು ನಾನೇ ಆಗಿರಬೇಕಿತ್ತು ಅಂತ ಸಮಾಧಾನ ಹೇಳಿಕೊಂಡೆ.

ಆಮೇಲೆ ಅವಳು ಆರು ಆದ ಕೂಡಲೇ ಒಂದು ಚಪ್ಪಾಳೆ ತಟ್ಟುವುದನ್ನು ರೂಢಿ ಮಾಡಿಕೊಂಡಳು. ಚಪ್ಪಾಳೆಯ ಸದ್ದಿಗೆ ನಾಲಿಗೆ ಒಂದು ಕ್ಷಣ ನಿಲ್ಲುತ್ತಿತ್ತು. ನಿಂತ ನಾಲಿಗೆಯನ್ನು ಎತ್ತ ಬೇಕಾದರೂ ತಿರುಗಿಸಬಹುದು. ತನಗೆ ಸಾಧ್ಯವಾದದ್ದು ಬೇರೆಯವರಿಗೂ ಆಗುತ್ತದೋ ನೋಡಬೇಕೆಂದು ಅಜ್ಜಿಯನ್ನು ಹಿಡಿದಳು. ಹುಣಸೆಬೀಜ ಹರವಿ, "ಅಜ್ಜಿ, ಐದು, ಆರು ನಿಂಗೆ ಬರ್ತದಲ್ಲ? ಅರ್ಧ ದಾರಿ ಬಂದ್ಬುಟ್ಟೆ" ಅಂದಳು.

"ಕಲೀದೇನೇ ಬಂದ್ಬುಟ್ನಾ?" ಅಜ್ಜಿಗೆ ಖುಷಿ. "ಅಂಗಾದ್ರೆ ಮುಂದೆ ಹೇಳು ಮೇಷ್ಟ್ರಮ್ಮ."

ಐದು, ಆರು, ಚಪ್ಪಾಳೆ, ಏಳು. ಅಜ್ಜಿಯ ಚಪ್ಪಾಳೆ ಎಷ್ಟು ಜೋರಾಗಿತ್ತೆಂದರೆ ಕೋಳಿಗಳು ಗೋಡೆ ಹಾರಿದವು. ಅವಳು ಏಳರಿಂದ ಹತ್ತರವರೆಗೆ ಕನ್ನಡದಲ್ಲಿ ಹೋಗಿ ಬಂದ ದಿನ ಅಪ್ಪ ಕೊಟ್ಟಿಗೆಯಿಂದಲೇ "ಶಹಬ್ಬಾಸ್" ಅಂದರು.

ಆಯ್ಕೆಯ ದಿನ ಅಪ್ಪ, ಅಕ್ಕ, ನಾನು ಮೊದಲ ಬಸ್ಸಿಗೆ ಮಧುಗಿರಿಗೆ ಹೋದೆವು. ತರಬೇತಿ ಶಾಲೆಯ ಜಗಲಿ ತುಂಬಾ ಹೆಣ್ಣುಮಕ್ಕಳು, ಅವರ ಅಪ್ಪಂದಿರು, ಬುತ್ತಿಯ ಗಂಟುಗಳು. ಕೊಡಿಗೇನಹಳ್ಳಿ ಕಡೆಯ ಒಬ್ಬ ಹುಡುಗಿ ನಮ್ಮ ಪಕ್ಕ ಕುಳಿತು ಪುಸ್ತಕದಿಂದ ತಲೆಯೆತ್ತದೆ ಓದುತ್ತಿದ್ದಳು. ಅಕ್ಕನ ಸರದಿ ಬಂದಾಗ ನಾನು ಕಿಟಕಿಯ ಪಕ್ಕಕ್ಕೆ ಸರಿದೆ. ಬೇಸಿಗೆಯ ಸೆಕೆಗೆ ಕಿಟಕಿಯೆಲ್ಲಾ ತೆರೆದಿತ್ತು, ಒಳಗಿನದೆಲ್ಲಾ ಕಾಣುತ್ತಿತ್ತು, ಕೇಳುತ್ತಿತ್ತು.

ಮೇಜಿನ ಹಿಂದೆ ಇಬ್ಬರು. ಒಬ್ಬರು ಹೋದ ವರ್ಷ ನಕ್ಕಿದ್ದ ಅಧಿಕಾರಿಯೇ. ಇನ್ನೊಬ್ಬರು ಮೈಸೂರಿನಿಂದ ಬಂದಿದ್ದ ಶಾಲೆಗಳ ಇನ್ಸ್‌ಪೆಕ್ಟ್ರಮ್ಮ. ಅಧಿಕಾರಿಗೆ ಅಕ್ಕನ ಗುರುತು ಹತ್ತಿತು. ಬೇಕೆಂದೇ ಮತ್ತೆ ಅದನ್ನೇ ಕೇಳಿದರು.

"ಎಂಟೊಂಬತ್ಲ?"

"ಎಂಟೊಂಬತ್ಲ ಎಪ್ಪತ್ತೆರಡು ಸಾರ್."

ಜಗಲಿಯಲ್ಲಿ ಅಪ್ಪ ಕೈಮುಗಿದದ್ದು ಯಾವ ದೇವರಿಗೋ. ನಾನು ದೇವರನ್ನು ನಂಬುವವಳಲ್ಲ, ಆದರೂ ಅಡ್ಡ ಬರಲಿಲ್ಲ. ಮತ್ತೆ ಎರಡು ಮೂರು ಲೆಕ್ಕ ಕೇಳಿದರು. ಎಲ್ಲವೂ ಕನ್ನಡದಲ್ಲೇ ಬಂದವು. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಇನ್ಸ್‌ಪೆಕ್ಟ್ರಮ್ಮ ಬಾಯಿ ತೆರೆದರು.

"ನಿಮ್ಮ ಕಡೆಯ ಹಳ್ಳಿಗಳಿಗೇ ಟೀಚರು ಬೇಕಾಗಿದ್ದಾರಮ್ಮ. ಅಲ್ಲಿಗೆ ಹೋದವರೆಲ್ಲಾ, ಮಕ್ಕಳಿಗೆ ತೆಲುಗು ಬಿಟ್ಟು ಏನೂ ಬರೋದಿಲ್ಲ ಅಂತ ವಾಪಸ್ ಬರ್ತಾರೆ. ನಿನ್ನನ್ನು ಅಲ್ಲಿಗೆ ಹಾಕಿದ್ರೆ ಮೊದಲ ದಿನ ಲೆಕ್ಕ ಹೇಗೆ ಹೇಳಿಕೊಡ್ತೀಯಾ? ತೋರಿಸು ನೋಡೋಣ."

ಇಡೀ ಬೇಸಿಗೆ ನಾವು ಮಾಡಿದ್ದು ಅಕ್ಕನ ಬಾಯಲ್ಲಿ ತೆಲುಗು ಇಲ್ಲವೇ ಇಲ್ಲ ಎಂಬಂತೆ ಮುಚ್ಚಿಡುವ ಕೆಲಸ. ಈಗ ಈ ಪುಣ್ಯಾತ್ಗಿತ್ತಿ ಅದನ್ನೇ ಹೊರಗೆ ತೆಗೆ ಅನ್ನುತ್ತಿದ್ದಾರೆ. ನಾನು ಹೇಳಿರಲಿಲ್ಲವೇ, ತಯಾರಿಲ್ಲದ ಪ್ರಶ್ನೆಯನ್ನೇ ಕೇಳುತ್ತಾರೆ ಅಂತ! ನನ್ನ ವಾದ ಗೆಲ್ಲುತ್ತಿತ್ತು. ನನ್ನದೇ ವಾದ ಸೋತುಹೋಗಲಿ ಅಂತ ನಾನು ಹಿಂದೆಂದೂ ಅಷ್ಟು ಬಲವಾಗಿ ಬಯಸಿದ್ದಿಲ್ಲ.

ಅಕ್ಕ ಸೀರೆಯ ಸೆರಗು ಬೆರಳಿಗೆ ಸುತ್ತಿಕೊಂಡು ನಿಂತಳು. ಆಮೇಲೆ ಕೇಳಿದಳು: "ಸಾರ್, ತೆಲುಗು ಮಾತಾಡ್ಬೋದಾ?"

ಅಧಿಕಾರಿ ಹುಬ್ಬೇರಿಸಿ "ಆಡಮ್ಮ" ಅಂದರು.

"ಅಮ್ಮಾವ್ರಿಗೆ ತೆಲುಗು ಬರ್ತದಾ?"

"ಒಂದಕ್ಷರಾನೂ ಇಲ್ಲ."

"ಐದು, ಆರು ಅನ್ನಿ ಅಮ್ಮಾವ್ರೇ."

"ಐದು, ಆರು."

"ಅದೇ ತೆಲುಗು. ಆಗ್ಲೇ ಬಂದ್ಬುಡ್ತು ನಿಮ್ಗೆ."

ಇನ್ಸ್‌ಪೆಕ್ಟ್ರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಕ್ಕ ಸೀಮೆಸುಣ್ಣದ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಐದು, ಆರು, ಏಡು, ಎನಿಮಿದಿ ಅಂತ ಒಂದೊಂದನ್ನೇ ಮುಟ್ಟಿ ತೋರಿಸಿದಳು. "ಈಗ ನೀವು, ಬೇಗ ಬೇಗ."

"ಐದು, ಆರು, ಏಳು..." ಇನ್ಸ್‌ಪೆಕ್ಟ್ರಮ್ಮ ನಿಂತರು. "ಅಲ್ಲ. ಐದು, ಆರು, ಏಳು... ಏನಿದು! ಆ ಪದ ಅನ್ನೋಕೆ ಹೋದ್ರೆ ಇದೇ ಬರ್ತದಲ್ಲ!"

"ಅಲ್ಲೇ ಜಾರೋದು ಅಮ್ಮಾವ್ರೇ. ನೀವು ಈ ಕಡೀಕೆ ಜಾರಿದ್ರಿ, ನಮ್ಮೂರ ಮಕ್ಳು ಆ ಕಡೀಕೆ ಜಾರ್ತವೆ. ಅವು ದಡ್ಡ ಅಲ್ಲ. ಆರು ಆದ್ಮೇಲೆ ಒಂದು ಚಪ್ಪಾಳೆ ತಟ್ಟಿ ನೋಡಿ."

ಐದು, ಆರು, ಚಪ್ಪಾಳೆ, ಏಡು, ಎನಿಮಿದಿ. ಮೈಸೂರಿನ ಇನ್ಸ್‌ಪೆಕ್ಟ್ರಮ್ಮ ಮಧುಗಿರಿಯಲ್ಲಿ ಕುಳಿತು ತೆಲುಗಿನಲ್ಲಿ ಎಣಿಸಿದರು, ಎಣಿಸಿ ಮಕ್ಕಳ ಹಾಗೆ ನಕ್ಕರು. ಅಧಿಕಾರಿಯೂ ನಕ್ಕರು. ಹೋದ ವರ್ಷದ ನಗುವಲ್ಲ ಇದು. ಕಿಟಕಿಯಾಚೆಯಿಂದ ನನಗೂ ನಗು ಬಂತು. "ಈಗ ನನಗೆ ಕಲಿಸಿದ್ದನ್ನೇ ತಿರುಗಿಸಿ ಅವರಿಗೆ ಕಲಿಸ್ತೀಯ, ಅಲ್ವಾ?" ಅಂದರು ಇನ್ಸ್‌ಪೆಕ್ಟ್ರಮ್ಮ. "ಹೂಂ ಅಮ್ಮಾವ್ರೇ, ಅವ್ರಿಗೆ ಗೊತ್ತಿರೋದ್ರಿಂದ ಶುರು ಮಾಡ್ತೀನಿ."

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಗುಮಾಸ್ತರು ಜಗಲಿಗೆ ಬಂದು ಹೆಸರು ಓದಿದರು. ಅಕ್ಕನ ಹೆಸರು ಬಂತು. ಅಪ್ಪ ಹೆಗಲ ಮೇಲಿನ ಟವೆಲ್ಲು ಕೊಡವಿ, ಮತ್ತೆ ಹಾಕಿಕೊಂಡು, ಮತ್ತೆ ಕೊಡವಿದರು. ಆಮೇಲೆ ಹೂವು ತರುತ್ತೇನೆಂದು ಪೇಟೆಯ ಕಡೆ ಓಡಿದರು. ಅಪ್ಪ ಓಡಿದ್ದನ್ನು ನಾನು ನೋಡಿದ್ದು ಆ ಒಂದೇ ಸಲ.

ಕೊಡಿಗೇನಹಳ್ಳಿಯ ಹುಡುಗಿಯ ಹೆಸರು ಬರಲಿಲ್ಲ. ಅದನ್ನೂ ಹೇಳಲೇಬೇಕು, ಇಲ್ಲದಿದ್ದರೆ ನಾನು ಮೊದಲು ಜರೆದ ಗಾದೆಯವರ ಸಾಲಿಗೇ ಸೇರುತ್ತೇನೆ. ಅವಳೂ ಓದಿದ್ದಳು, ಪಾಪ. ಎಲ್ಲಿ ಕೈತಪ್ಪಿತೋ ನನಗೆ ತಿಳಿಯದು. ತಯಾರಾದವರೆಲ್ಲಾ ಗೆಲ್ಲುತ್ತಾರೆ ಅಂತ ಯಾರಾದರೂ ಇಂದಿಗೂ ನನ್ನೆದುರು ಹೇಳಿದರೆ, ಆ ಹುಡುಗಿಯ ಪರವಾಗಿ ಎದ್ದು ನಿಲ್ಲುತ್ತೇನೆ.

ಆದರೆ ಇಷ್ಟನ್ನು ಒಪ್ಪುತ್ತೇನೆ. ತಯಾರಿ ಅಂದರೆ ಉತ್ತರಗಳನ್ನು ಕೂಡಿಡುವುದು ಅಂತ ನಾನು ತಿಳಿದಿದ್ದೆ. ಕೂಡಿಟ್ಟ ಉತ್ತರಕ್ಕೆ ಸರಿಯಾದ ಪ್ರಶ್ನೆ ಬರದಿದ್ದರೆ ಅದು ದಂಡ, ಅಲ್ಲಿಗೆ ನನ್ನ ವಾದ ನಿಲ್ಲುತ್ತಿತ್ತು. ಅಕ್ಕ ಕೂಡಿಟ್ಟದ್ದು ಬೇರೆ. ತಾನು ಎಲ್ಲಿ ಜಾರುತ್ತೇನೆ, ಯಾಕೆ ಜಾರುತ್ತೇನೆ, ಜಾರದಿರಲು ಏನು ಮಾಡಬೇಕು ಅಂತ ಬುಡಮುಟ್ಟ ತಿಳಿದುಕೊಂಡಿದ್ದಳು. ಅಷ್ಟು ತಿಳಿದವಳಿಗೆ ಪ್ರಶ್ನೆ ಯಾವ ಕಡೆಯಿಂದ ಬಂದರೂ ನಿಲ್ಲಲು ಒಂದು ನೆಲವಿತ್ತು.

ಅಂದು ಜಗಲಿಯಲ್ಲಿ ನಾನು ಇಷ್ಟು ಉದಾರಿಯಾಗಿರಲಿಲ್ಲ. "ಅದೃಷ್ಟ ಅಕ್ಕಾ," ಅಂದೆ. "ಆ ಪ್ರಶ್ನೆ ಕೇಳದೇ ಇದ್ದಿದ್ರೆ?"

"ಕೇಳ್ದೇ ಇದ್ದಿದ್ರೆ ಎಂಟೊಂಬತ್ಲ ಹೇಳಿದ್ನಲ್ಲ, ಅಷ್ಟಕ್ಕೇ ನಿಲ್ತಿತ್ತು. ಬಾ ಇಲ್ಲಿ, ನಿನ್ನ ಅದೃಷ್ಟ ಆಮೇಲೆ."

ಜವಾನ ಒಳಗೆ ಕಿಟಕಿ ಹಾಕುತ್ತಿದ್ದ. "ಅಣ್ಣಾ, ಒಂದ್ನಿಮಿಷ ನೋಡ್ಕೊಂಡು ಬತ್ತೀವಿ" ಅಂತ ಕೇಳಿ ಅಕ್ಕ ನನ್ನನ್ನು ತರಗತಿಯೊಳಕ್ಕೆ ಎಳೆದುಕೊಂಡು ಹೋದಳು. ಸೇರುವುದಕ್ಕೆ ಇನ್ನೂ ದಿನಗಳಿದ್ದವು. ಅವಳು ಬೆಂಚುಗಳ ನಡುವೆ ನಡೆದು, ಕಟ್ಟಕಡೆಯ ಬೆಂಚಿನ ಮೂಲೆಗೆ ಹೋಗಿ ಕುಳಿತಳು. ಕಿಟಕಿಯಿಂದ ಬೆಟ್ಟದ ಕಡೆಯ ಬೆಳಕು ಬೋರ್ಡಿನ ಮೇಲೆ ಓರೆಯಾಗಿ ಬೀಳುತ್ತಿತ್ತು.

"ಏನಾದ್ರೂ ಬರಿ," ಅಂದಳು.

ನಾನು ಸೀಮೆಸುಣ್ಣ ತೆಗೆದುಕೊಂಡು ದುಂಡಗೆ, ನೀಟಾಗಿ ಬರೆದೆ: ಗೆಲುವಿಗೆ ಕಾರಣ ಸಿದ್ಧತೆಯೋ ಅದೃಷ್ಟವೋ? ಬರೆದು ಹೆಮ್ಮೆಯಿಂದ ತಿರುಗಿದೆ.

ಅಕ್ಕ ಕತ್ತು ಎಡಕ್ಕೆ ವಾಲಿಸಿದಳು, ಬಲಕ್ಕೆ ವಾಲಿಸಿದಳು, ಕಣ್ಣು ಕಿರಿದು ಮಾಡಿದಳು.

"ಬೆಳಕು ಹೊಡೀತದೆ ಕಣೇ, ಇಲ್ಲಿ ಕೂತ ಮಕ್ಳಿಗೆ ಏನೂ ಕಾಣಲ್ಲ. ಅಳಿಸ್ಬುಟ್ಟು ದೊಡ್ಡದಾಗಿ ಬರಿ. ಸ್ವಲ್ಪ ಆ ಕಡೀಕೆ."

ನಾನು ಅಳಿಸಿ, ಆ ಕಡೆಗೆ ಸರಿದು, ದೊಡ್ಡದಾಗಿ ಬರೆಯತೊಡಗಿದೆ.